ಇಸಿಜಿ ಯಂತ್ರದ ಮುಂದೆ ಇನ್ನೂ ಹತ್ತು ನಿಮಿಷ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಇಲಾಖೆಯ ಆಯುಕ್ತರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ 28 ವರ್ಷ ಫಿಸಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳ ಅವಧಿಯಲ್ಲಿ, ಹಾಸನ ಜಿಲ್ಲೆಯೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ಮನೆಮನೆಗೂ ತಲುಪಿದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತ ಜನರನ್ನು ನಾಡೆಲ್ಲ ನೋಡಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಜುಲೈನಲ್ಲಿ ವರದಿ ಬಂದ ಬಳಿಕ, ಹಠಾತ್ ಸಾವನ್ನು ಅಧಿಸೂಚಿತ, ಅಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ, ಕಾಯಿಲೆಗಳ ಸಾಲಿಗೆ ಸೇರಿಸುವುದಾಗಿಯೂ, ಆಸ್ಪತ್ರೆಯ ಹೊರಗೆ ಸಂಭವಿಸುವ ಇಂಥ ಸಾವುಗಳಿಗೆ ಮರಣೋತ್ತರ ಪರೀಕ್ಷೆಯನ್ನು ಕಡ್ಡಾಯ ಮಾಡುವುದಾಗಿಯೂ, 15 ವರ್ಷದ ಶಾಲಾ ಮಕ್ಕಳಿಗೆ ಹೃದಯ ತಪಾಸಣೆ ನಡೆಸುವುದಾಗಿಯೂ ಸರ್ಕಾರ ತಿಳಿಸಿತು. ಈ ಕ್ರಮಗಳನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಈ ಪತ್ರ ಬರೆಯುತ್ತಿರುವುದು ಅವುಗಳ ನಡುವೆ ಯಾರ ಕಣ್ಣಿಗೂ ಬೀಳದೆ ಉಳಿದ ಒಂದು ಜಾಗದ ಬಗ್ಗೆ: ಮಧುಮೇಹಿಗಳಲ್ಲಿ ಸದ್ದಿಲ್ಲದೆ ಸವೆಯುವ ಹೃದಯದ ನರಗಳು, ಅವನ್ನು ಅಳೆಯುವ ಎರಡು ಸರಳ ಪರೀಕ್ಷೆಗಳು.

ಹೃದಯದ ಬಗ್ಗೆ ನಾವು ಮಾತನಾಡುವಾಗಲೆಲ್ಲ ಮಾತು ರಕ್ತನಾಳದ ಬ್ಲಾಕ್, ಸ್ಟೆಂಟ್, ಕೊಲೆಸ್ಟರಾಲ್‌ಗಳ ಸುತ್ತಲೇ ತಿರುಗುತ್ತದೆ. ಅದರಿಂದ ದೊಡ್ಡ ಉಪಕಾರವೂ ಆಗಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆದರೆ ಮನುಷ್ಯ ನಿಂತ ನಿಲುವಿನಲ್ಲೇ ಕುಸಿದು ಸಾಯುವಾಗ ಬಹುಪಾಲು ಸಂದರ್ಭಗಳಲ್ಲಿ ಕೊನೆಯ ಗಳಿಗೆಯಲ್ಲಿ ನಡೆಯುವುದು ವಿದ್ಯುತ್ತಿನ ಅವಾಂತರ: ಹೃದಯದ ಕೆಳಕೋಣೆಗಳು ಲಯ ತಪ್ಪಿ, ರಕ್ತವನ್ನು ಮುಂದೂಡಲಾರದೆ ಬರಿದೆ ಅದುರತೊಡಗುತ್ತವೆ. ಈ ಅವಾಂತರಕ್ಕೆ ಗಾಯಗೊಂಡ ಹೃದಯಸ್ನಾಯು ಒಂದು ಕಾರಣ, ರಕ್ತದ ಪೊಟ್ಯಾಸಿಯಂ ಏರುಪೇರು ಇನ್ನೊಂದು ಕಾರಣ. ಮೂರನೆಯದು, ನಾವು ಅಳೆಯದೇ ಬಿಟ್ಟಿರುವುದು, ಹೃದಯದ ಬಡಿತವನ್ನು ಹಗಲಿರುಳೂ ಏರಿಸಿ ಇಳಿಸುವ ಸ್ವನಿಯಂತ್ರಿತ ನರವ್ಯೂಹ.

ಎಲ್ಲ ನರಗಳ ಹಂಗನ್ನೂ ಕಡಿದುಕೊಂಡ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕುಳಿತ ಆರೋಗ್ಯವಂತನ ನಾಡಿ 70ರ ಆಸುಪಾಸಿನಲ್ಲಿ ಇರುವುದು ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ನರ ಅದನ್ನು ಹಿಡಿದು ನಿಲ್ಲಿಸಿರುವುದರಿಂದ. ಉಸಿರು ಒಳಗೆಳೆದಾಗ ಆ ಹಿಡಿತ ಸಡಿಲವಾಗಿ ನಾಡಿ ಚುರುಕಾಗುತ್ತದೆ, ಉಸಿರು ಬಿಟ್ಟಾಗ ಬಿಗಿಯಾಗಿ ನಿಧಾನವಾಗುತ್ತದೆ. ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯದಂತೆ ನಾಳಗಳನ್ನು ಬಿಗಿಗೊಳಿಸುವುದು, ಭಯದಲ್ಲಿ ಮತ್ತು ಓಟದಲ್ಲಿ ಬಡಿತ ಏರಿಸುವುದು ಸಿಂಪಥೆಟಿಕ್ ಎಂದು ವೈದ್ಯರು ಕರೆಯುವ ಇನ್ನೊಂದು ಬದಿಯ ನರಗಳ ಕೆಲಸ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದಾಗ ಪಾದದ ನರಗಳು ಜೋಮು ಹಿಡಿಯುವಂತೆಯೇ ಈ ನರಗಳೂ ಸವೆಯುತ್ತವೆ, ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದವಾದ ವೇಗಸ್ ಮೊದಲು. ಪಾದದ ಉರಿಯನ್ನು ರೋಗಿ ತಾನಾಗಿಯೇ ಹೇಳಿಕೊಳ್ಳುತ್ತಾನೆ. ಹೃದಯದ ನರ ಸವೆದದ್ದು ಅವನಿಗೆ ಗೊತ್ತಾಗುವುದೇ ಇಲ್ಲ. ಅಷ್ಟೇ ಅಲ್ಲ, ಎದೆನೋವನ್ನು ಮೆದುಳಿಗೆ ತಲುಪಿಸುವ ನರಗಳೂ ಅದೇ ಹಾದಿ ಹಿಡಿದಿರುವುದರಿಂದ, ಹೃದಯಾಘಾತವಾದಾಗಲೂ ನೋವಿನ ಬದಲು ಬರಿಯ ಬೆವರು, ಸುಸ್ತು, ಏದುಸಿರು ಕಾಣಿಸಿಕೊಳ್ಳಬಹುದು.

ನನ್ನ ಅಣ್ಣನಿಗೆ 17 ವರ್ಷಗಳಿಂದ ಶುಗರ್ ಇತ್ತು. ಮಲೆನಾಡಿನ ಒಂದು ಮೂಲೆಯಲ್ಲಿ ಅಡಿಕೆ, ಕಾಳುಮೆಣಸು ನೋಡಿಕೊಂಡಿದ್ದ. ಶಿಸ್ತಿನ ಮನುಷ್ಯ, ಪ್ರತಿ ತಿಂಗಳ ಬಿಪಿ, ಶುಗರ್, ನಾಡಿಯನ್ನು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದ. ಕೊನೆಯ ಎರಡು ವರ್ಷ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಿದ್ದ. ದೂರದ ಊರಿನಲ್ಲಿ ಕೆಲಸದಲ್ಲಿದ್ದ ನಾನು ಫೋನಿನಲ್ಲೇ, ನೀರು ಕುಡಿ, ನಿಧಾನವಾಗಿ ಏಳು ಎಂದೆ. ವರ್ಷಕ್ಕೊಮ್ಮೆ ತೆಗೆಸಿದ ಇಸಿಜಿಯ ಮೇಲೆ ನಾರ್ಮಲ್ ಎಂದೇ ಬರೆದಿರುತ್ತಿತ್ತು. ಒಂದು ರಾತ್ರಿ ಮೈ ಬೆವೆತು, ಹೊಟ್ಟೆ ತೊಳಸಿದಂತಾಗಿ, ಗ್ಯಾಸ್ಟ್ರಿಕ್ ಇರಬೇಕೆಂದು ಕ್ಯಾಪ್ಸುಲ್ ನುಂಗಿ ಮಲಗಿದವನು ಬೆಳಗಿನ ಐದಕ್ಕೆ ಕೊಟ್ಟಿಗೆಯ ಬಾಗಿಲಲ್ಲಿ ಕುಸಿದ. ಅತ್ತಿಗೆ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಮರಣೋತ್ತರ ಪರೀಕ್ಷೆಗೆ ನಾವೇ ಒಪ್ಪಲಿಲ್ಲ.

ತಿಥಿ ಮುಗಿದ ಮೇಲೆ ಆ ನೋಟ್‌ಬುಕ್ ಬಿಡಿಸಿದೆ. ನಾಡಿಯ ಕಾಲಂನಲ್ಲಿ 98, 97, 98, 96, 98. ಹದಿನಾಲ್ಕು ತಿಂಗಳು ಆ ಅಂಕಿ ಕದಲಿರಲಿಲ್ಲ. ನಾಡಿ ಒಂದೇ ಸಮ ಇದೆ ಎಂದು ಅಣ್ಣನಿಗೂ, ಅವನನ್ನು ನೋಡುತ್ತಿದ್ದವರಿಗೂ, ನನಗೂ ಸಮಾಧಾನವೇ ಆಗಿತ್ತು. ವೇಗಸ್ ಹಿಡಿತ ಕಳಚಿಕೊಂಡ ಹೃದಯ ಹಾಗೆಯೇ ಬಡಿಯುತ್ತದೆ ಎಂದು ನಾನು ಮೊದಲ ವರ್ಷದ ಎಂಬಿಬಿಎಸ್‌ನಲ್ಲಿ ಓದಿದ್ದೆ. ಅವನ ಇಸಿಜಿ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಮಗಳ ಕಂಪಾಸ್ ಪೆಟ್ಟಿಗೆಯ ಕೈವಾರ ಹಿಡಿದು ಅಳೆದರೆ ಬಡಿತದಿಂದ ಬಡಿತಕ್ಕೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಕ್ಯೂಟಿ ಅಂತರ (ಒಂದು ಬಡಿತದ ಬಳಿಕ ಹೃದಯ ಮುಂದಿನದಕ್ಕೆ ಸಿದ್ಧವಾಗಲು ಹಿಡಿಯುವ ಕಾಲ) ಮಾತ್ರ ಉದ್ದವಾಗುತ್ತಾ ಬಂದಿತ್ತು. ಯಾವುದಾದರೂ ಪರೀಕ್ಷೆ ಅವನನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಸೂಚನೆಗಳು ನಮ್ಮ ಕೈಯಲ್ಲೇ ಇದ್ದವು, ಓದಿದವರು ಇರಲಿಲ್ಲ.

ಮಾನ್ಯರೇ, ಇದನ್ನು ಓದುವ ವಿದ್ಯೆ ಹೊಸದಲ್ಲ, ದುಬಾರಿಯೂ ಅಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಈವಿಂಗ್ ಮತ್ತು ಕ್ಲಾರ್ಕ್ ಎಂಬ ವೈದ್ಯರು 1970ರ ದಶಕದಲ್ಲೇ ಹಾಸಿಗೆಯ ಪಕ್ಕದಲ್ಲಿ ಮಾಡಬಹುದಾದ ಐದು ಸರಳ ಪರೀಕ್ಷೆಗಳನ್ನು ರೂಢಿಗೆ ತಂದರು. ಈ ಪರೀಕ್ಷೆಗಳಲ್ಲಿ ದೋಷ ಕಂಡ ಮಧುಮೇಹಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ತೀರಿಕೊಂಡರೆಂದು ಅವರು 1980ರಲ್ಲಿ ವರದಿ ಮಾಡಿದರು. ಅಂದಿನ ಚಿಕಿತ್ಸೆಗೂ ಇಂದಿನದಕ್ಕೂ ಬಹಳ ಅಂತರವಿದೆ; ಇಂದು ಪ್ರಮಾಣ ಅಷ್ಟು ಭೀಕರವಾಗಿಲ್ಲ. ಆದರೂ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನದ ಎಂಟು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮಾಹಿತಿಯನ್ನು 2010ರಲ್ಲಿ ವಿಶ್ಲೇಷಿಸಿದಾಗ, ಹೃದಯದ ನರ ಸವೆದವರಲ್ಲಿ ಸಾವಿನ ಸಂಭವ ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿದ್ದುದು ಕಂಡುಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಅವರಲ್ಲಿ ಎಷ್ಟು ಜನರ ನಾಡಿ ಅಣ್ಣನ ನಾಡಿಯಂತೆ ಏರಿಳಿತವಿಲ್ಲದೆ ಒಂದೇ ಸಮ ಬಡಿಯುತ್ತಿದೆ ಎಂದು ನಾವು ಕೇಳಿಕೊಳ್ಳಲೇಬೇಕು.

ಆ ಐದರಲ್ಲಿ ಎರಡು ಪರೀಕ್ಷೆಗಳನ್ನಷ್ಟೇ ಬಿಪಿ, ಶುಗರ್‌ನಂಥ ಅಸಾಂಕ್ರಾಮಿಕ ರೋಗಗಳ ನಮ್ಮ ಕ್ಲಿನಿಕ್‌ಗಳಲ್ಲಿ ಆರಂಭಿಸಿ ಎಂಬುದು ನನ್ನ ಕೋರಿಕೆ. ಮೊದಲನೆಯದಕ್ಕೆ ಬಿಪಿ ಉಪಕರಣ ಸಾಕು: ರೋಗಿಯನ್ನು ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡುವುದು, ನಿಲ್ಲಿಸಿ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ಗಮನಿಸಬೇಕಾದ ವಿಷಯ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಎಲ್ಲರ ಬಿಪಿಯನ್ನೂ ಸ್ಟೂಲಿನ ಮೇಲೆ ಕೂರಿಸಿ ಒಂದೇ ಸಲ ನೋಡುವುದರಿಂದ ಈ ಇಳಿತ ಸಿಗುವುದೇ ಇಲ್ಲ. ಎರಡನೆಯದು ಇಸಿಜಿ ತಂತಿಗಳನ್ನು ಹಚ್ಚಿದ್ದಾಗಲೇ ಒಂದು ನಿಮಿಷ ಆಳವಾಗಿ ಉಸಿರಾಡಿಸುವುದು: ಐದು ಸೆಕೆಂಡ್ ಒಳಗೆ, ಐದು ಸೆಕೆಂಡ್ ಹೊರಗೆ, ಹೀಗೆ ಆರು ಸಲ. ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಕಾಗದ ಆ ಒಂದು ನಿಮಿಷಕ್ಕೆ ಒಂದೂವರೆ ಮೀಟರ್ ಖರ್ಚಾಗುತ್ತದೆ. ಪ್ರತಿ ಉಸಿರಿನಲ್ಲಿ ಬಡಿತಗಳ ನಡುವಿನ ಅತಿ ಸಣ್ಣ ಮತ್ತು ಅತಿ ದೊಡ್ಡ ಅಂತರವನ್ನು ಸ್ಕೇಲಿನಲ್ಲಿ ಅಳೆದು, 1500ನ್ನು ಅದರಿಂದ ಭಾಗಿಸಿದರೆ ನಾಡಿಯ ವೇಗ ಸಿಗುತ್ತದೆ. 18 ಮತ್ತು 23 ಮಿಲಿಮೀಟರ್ ಬಂದರೆ ನಾಡಿ 83ರಿಂದ 65ಕ್ಕೆ ಇಳಿದು ಏರುತ್ತಿದೆ, ವ್ಯತ್ಯಾಸ 18, ಚೆನ್ನಾಗಿದೆ. 15 ಮತ್ತು 15.5 ಬಂದರೆ ವ್ಯತ್ಯಾಸ ಮೂರೇ ಮೂರು. ಆರು ಉಸಿರಿನ ಸರಾಸರಿ 15 ಅಥವಾ ಹೆಚ್ಚಿದ್ದರೆ ಸರಿ, 10 ಅಥವಾ ಕಡಿಮೆ ಇದ್ದರೆ ದೋಷ, ನಡುವಿನದು ಅನುಮಾನ ಎಂಬುದು ಈವಿಂಗ್ ಅವರ ಲೆಕ್ಕ. ವಯಸ್ಸು ಏರಿದಂತೆ ಈ ವ್ಯತ್ಯಾಸ ಸಹಜವಾಗಿಯೇ ಕುಗ್ಗುವುದರಿಂದ ಅರವತ್ತು ದಾಟಿದವರಿಗೆ ವಯೋಮಾನದ ಪಟ್ಟಿ ನೋಡಿ ತೀರ್ಮಾನಿಸಬೇಕು. ಲಯವೇ ಅಸ್ತವ್ಯಸ್ತವಾಗಿರುವವರಲ್ಲಿ ಈ ಪರೀಕ್ಷೆ ನಡೆಯದು. ನಳಿಕೆಯೊಳಗೆ ಬಲವಾಗಿ ಊದಿಸುವ ವಲ್ಸಾಲ್ವಾ ಪರೀಕ್ಷೆಯನ್ನು ನಾನು ಬೇಕೆಂದೇ ಕೇಳುತ್ತಿಲ್ಲ. ಮಧುಮೇಹದಿಂದ ಕಣ್ಣಿನ ಪರದೆ ಹಾಳಾದವರಿಗೆ ಅದು ಅಪಾಯಕಾರಿ, ನಮ್ಮಲ್ಲಿ ಕಣ್ಣು ಪರೀಕ್ಷಿಸಿಕೊಳ್ಳದ ಮಧುಮೇಹಿಗಳೇ ಜಾಸ್ತಿ.

ಈ ಪರೀಕ್ಷೆಗಳನ್ನು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದಲ್ಲಿ ಕಣ್ಣಾರೆ ನೋಡಬೇಕೆಂದು ರಾಷ್ಟ್ರೀಯ ಪಠ್ಯಕ್ರಮವೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರಯೋಗಾಲಯವಿದೆ. ಹದಿನೆಂಟರ ಆರೋಗ್ಯವಂತ ಹುಡುಗರ ಮೇಲೆ ಮಾಡಿ ತೋರಿಸಿದ ಪರೀಕ್ಷೆ, ಅದು ನಿಜವಾಗಿ ಬೇಕಾದ ಐವತ್ತೆಂಟರ ರೈತನ ಹತ್ತಿರ ಬರದೇ ಇರುವುದು ನನ್ನನ್ನು ಬಹಳ ಕಾಡುತ್ತದೆ.

ದೋಷ ಕಂಡುಬಂದರೆ ಮಾಡುವುದೇನು ಎಂದು ನಿಮ್ಮ ಅಧಿಕಾರಿಗಳು ಕೇಳುತ್ತಾರೆ, ಕೇಳಲೇಬೇಕು. ಸವೆದ ನರವನ್ನು ಮರಳಿ ಬೆಳೆಸುವ ಮಾತ್ರೆ ಇಲ್ಲ. ಮಾಡಬೇಕಾದ ಕೆಲಸ ಮಾತ್ರ ತುಂಬಾ ಇದೆ. ಮೊದಲು ಆ ವ್ಯಕ್ತಿಗೂ ಮನೆಯವರಿಗೂ, ನಿಮಗೆ ಹೃದಯಾಘಾತವಾದರೆ ಎದೆ ನೋಯದೇ ಇರಬಹುದು, ಕಾರಣವಿಲ್ಲದೆ ಬೆವೆತರೆ, ವಾಂತಿಯಾದರೆ, ಉಸಿರು ಕಟ್ಟಿದರೆ ಗ್ಯಾಸ್ಟ್ರಿಕ್ ಎಂದುಕೊಳ್ಳದೆ ಇಸಿಜಿಗೆ ಬನ್ನಿ ಎಂದು ಹೇಳಿ, ಅದನ್ನು ಅವರ ಚೀಟಿಯ ಮೇಲೆ ಬರೆದುಕೊಡಬೇಕು. ಎದ್ದು ನಿಂತಾಗ ಬಿಪಿ ಬೀಳುವವರಿಗೆ ಮೂತ್ರದ ತೊಂದರೆಗೆಂದು ಕೊಡುವ ಟ್ಯಾಮ್ಸುಲೋಸಿನ್ ಮತ್ತು ಬಿಪಿ ಮಾತ್ರೆಗಳು ಸೇರಿಕೊಂಡು ಇನ್ನಷ್ಟು ಬೀಳಿಸುತ್ತಿವೆಯೇ ಎಂದು ನೋಡಬೇಕು. ನನ್ನ ಅಣ್ಣ ಎರಡನ್ನೂ ನುಂಗುತ್ತಿದ್ದ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು, ಏಕೆಂದರೆ ಮೇಜಿನ ಮೇಲೆ ಇವರ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಹೃದಯದ ಪಂಪು ಹೇಗಿದೆ ಎಂದು ತಿಳಿಯಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಇವರನ್ನು ಮೊದಲು ಕಳುಹಿಸಬೇಕು.

ಎಲ್ಲಕ್ಕಿಂತ ಮುಖ್ಯ, ಶುಗರ್ ಇಳಿಸುವ ಆತುರದಲ್ಲಿ ಇವರನ್ನು ಲೋ ಶುಗರ್‌ಗೆ ತಳ್ಳಬಾರದು. ಸಕ್ಕರೆ ತೀರಾ ಇಳಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ, ಕ್ಯೂಟಿ ಅಂತರ ಹಿಗ್ಗುತ್ತದೆ. ಲಯ ತಪ್ಪಲು ಬೇಕಾದ್ದೆಲ್ಲವೂ ಒಟ್ಟಿಗೆ ಸೇರುತ್ತದೆ. ಹಿಂದಿನ ರಾತ್ರಿ ಚೆನ್ನಾಗಿಯೇ ಮಲಗಿದ ಎಳೆಯ ಇನ್ಸುಲಿನ್ ರೋಗಿಗಳು ಬೆಳಿಗ್ಗೆ ಹಾಸಿಗೆಯಲ್ಲೇ ಶವವಾಗಿ ಸಿಕ್ಕ ಪ್ರಕರಣಗಳನ್ನು ಬ್ರಿಟನ್ನಿನ ವೈದ್ಯರು 1991ರಲ್ಲೇ ವರದಿ ಮಾಡಿ, ಇದೇ ಶಂಕೆಗೆ ದಾರಿ ಮಾಡಿಕೊಟ್ಟರು. ಸಕ್ಕರೆಯನ್ನು ಅತಿ ಬಿಗಿಯಾಗಿ ಹತೋಟಿಗೆ ತರಲು ಹೊರಟ ಅಕಾರ್ಡ್ ಅಧ್ಯಯನದ ಆ ಭಾಗವನ್ನು 2008ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಬಿಗಿ ಹತೋಟಿಯ ಗುಂಪಿನಲ್ಲೇ ಸಾವು ಹೆಚ್ಚಿದ್ದರಿಂದ. ನಮ್ಮಲ್ಲಿ ಏಕಾದಶಿಯ ಉಪವಾಸದಂದೂ ರಂಜಾನ್ ತಿಂಗಳಲ್ಲೂ ಊಟ ಬಿಟ್ಟು, ಶುಗರ್ ಇಳಿಸುವ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆ ಮಾತ್ರ ತಪ್ಪದೆ ನುಂಗುವವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಹೃದಯದ ನರ ಸವೆದವರು ಯಾರೆಂದು ಗೊತ್ತಿದ್ದರೆ, ಉಪವಾಸಕ್ಕೆ ಮೊದಲು ಆಶಾ ಕಾರ್ಯಕರ್ತೆ ಯಾರ ಮನೆಗೆ ಹೋಗಬೇಕೆಂಬುದೂ ಗೊತ್ತಿರುತ್ತದೆ.

ಕ್ಯೂಟಿ ಅಂತರವೆಂದರೆ ಹೃದಯದ ಕೆಳಕೋಣೆಗಳು ಒಂದು ಬಡಿತದ ವಿದ್ಯುತ್ತನ್ನು ಪಡೆದು, ಮುಂದಿನ ಬಡಿತಕ್ಕೆ ಸಿದ್ಧವಾಗಲು ಹಿಡಿಯುವ ಕಾಲ. ನಾಡಿಯ ವೇಗಕ್ಕೆ ಸರಿಹೊಂದಿಸಿದ ಮೇಲೆ ಅದು 500 ಮಿಲಿಸೆಕೆಂಡ್ ದಾಟಿದರೆ ಅಪಾಯ ಗಂಭೀರವಾದದ್ದು. ಇಸಿಜಿ ಯಂತ್ರ ಈ ಅಂಕಿಯನ್ನು ಕಾಗದದ ಮೂಲೆಯಲ್ಲಿ ತಾನೇ ಮುದ್ರಿಸುತ್ತದೆ. ಯಂತ್ರವನ್ನು ಪೂರಾ ನಂಬಬಾರದು, ನಾಡಿ ವೇಗವಾಗಿದ್ದಾಗ ಸಾಮಾನ್ಯವಾಗಿ ಬಳಸುವ ಬ್ಯಾಜೆಟ್ ಸೂತ್ರ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ನಿಜ. ಹಾಗೆಂದು ಆ ಮೂಲೆಯನ್ನು ನೋಡದೆಯೇ ಕಾಗದ ಮಡಚುವುದು ಸರಿಯಲ್ಲ. ಈ ಅಂತರವನ್ನು ಹಿಗ್ಗಿಸುವ ಔಷಧಿಗಳು ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿಯಿಲ್ಲದೆ ಸಿಗುತ್ತಿವೆ: ನೆಗಡಿ ಕೆಮ್ಮಿಗೆ ಅಜಿತ್ರೋಮೈಸಿನ್, ವಾಂತಿಗೆ ಒಂಡಾನ್‌ಸೆಟ್ರಾನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸುಲ್. ಹೆಚ್ಚಿನವರಿಗೆ ಇವುಗಳಿಂದ ಏನೂ ಆಗುವುದಿಲ್ಲ. ಆದರೆ ಹೊಟ್ಟೆಯ ನರಗಳು ಸವೆದು, ತಿಂದದ್ದು ಕೆಳಗಿಳಿಯದೆ, ಸದಾ ಉಬ್ಬರದಿಂದ ನರಳುವ ಹಳೆಯ ಮಧುಮೇಹಿಯೇ ಈ ಕ್ಯಾಪ್ಸುಲ್‌ನ ಕಾಯಂ ಗಿರಾಕಿ. ಅವನ ಹೃದಯದ ನರಗಳೂ ಸವೆದಿರುವ ಸಾಧ್ಯತೆ ಹೆಚ್ಚು. ಡೊಂಪೆರಿಡೋನ್ ಬಳಕೆಯ ಪ್ರಮಾಣ ಮತ್ತು ಅವಧಿಯನ್ನು ಯುರೋಪಿನ ಔಷಧ ಪ್ರಾಧಿಕಾರ 2014ರಲ್ಲೇ ಇದೇ ಕಾರಣಕ್ಕೆ ಕಡಿತಗೊಳಿಸಿತು. ನಮ್ಮ ಔಷಧ ನಿಯಂತ್ರಣ ಇಲಾಖೆಯೊಂದಿಗೆ ತಾವು ಈ ಮಾತು ಎತ್ತಬೇಕೆಂದು ಕೋರುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾಡಿಯ ಏರಿಳಿತ ಕಡಿಮೆ ಇರುವುದು ಅಪಾಯದ ಗುರುತು. ಯಾರು ಯಾವಾಗ ಸಾಯುತ್ತಾರೆಂದು ಹೇಳುವ ಜಾತಕವಲ್ಲ. ಹೃದಯಾಘಾತದ ನಂತರ ಪಂಪಿನ ಶಕ್ತಿ ಕುಗ್ಗಿ, ನಾಡಿಯ ಏರಿಳಿತವೂ ಕುಗ್ಗಿದ ರೋಗಿಗಳಿಗೆ ಆರಂಭದ ವಾರಗಳಲ್ಲೇ ಎದೆಯೊಳಗೆ ಷಾಕ್ ಕೊಡುವ ಉಪಕರಣ ಅಳವಡಿಸಿ ನೋಡಿದ ಡಿನಾಮಿಟ್ ಪ್ರಯೋಗದಲ್ಲಿ, 2004ರ ವರದಿಯಂತೆ, ಲಯ ತಪ್ಪಿ ಸಾಯುವವರು ಕಡಿಮೆಯಾದರೂ ಬೇರೆ ಕಾರಣದ ಸಾವುಗಳು ಹೆಚ್ಚಿ, ಒಟ್ಟು ಸಾವಿನಲ್ಲಿ ಲಾಭವೇ ಕಾಣಲಿಲ್ಲ. ಹಾಗಾಗಿ ಈ ಪರೀಕ್ಷೆಯ ಹೆಸರಿನಲ್ಲಿ ದುಬಾರಿ ಪ್ಯಾಕೇಜುಗಳು ಹುಟ್ಟಿಕೊಳ್ಳಬಾರದು. ಕೈಗಡಿಯಾರ ತೋರಿಸುವ ಎಚ್‌ಆರ್‌ವಿ (ನಾಡಿಯ ಏರಿಳಿತ) ಅಂಕಿಯನ್ನು ಗೆಳೆಯರ ಅಂಕಿಯೊಂದಿಗೆ ಹೋಲಿಸಿ, ನನ್ನದು ಕಡಿಮೆ, ನಾನು ಉಳಿಯುತ್ತೇನೆಯೇ ಎಂದು ರಾತ್ರಿ ಹನ್ನೊಂದಕ್ಕೆ ಕರೆ ಮಾಡುವ ಇಪ್ಪತ್ತೈದರ ತರುಣರು ನನಗೆ ಗೊತ್ತು. ಆ ಅಂಕಿ ನಿದ್ದೆ, ಜ್ವರ, ಮದ್ಯ, ವಯಸ್ಸು, ಅಳೆಯುವ ವಿಧಾನ ಎಲ್ಲದರ ಜೊತೆಗೂ ಬದಲಾಗುತ್ತದೆ. ಇಬ್ಬರ ನಡುವೆ ಹೋಲಿಸುವುದಕ್ಕೆ ಅರ್ಥವಿಲ್ಲ. ಜನರಿಗೆ ಈ ಭರವಸೆಯನ್ನು ಇಲಾಖೆಯೇ ಕನ್ನಡದಲ್ಲಿ ಹೇಳಬೇಕು.

ಹದಿನೈದರ ಮಕ್ಕಳ ತಪಾಸಣೆಯ ವಿಷಯ ಬೇರೆ. ಅಲ್ಲಿ ಹುಡುಕಬೇಕಾದದ್ದು ಸವೆದ ನರವನ್ನಲ್ಲ, ಸಹಜವಾದ ನರದ ಆವೇಗವನ್ನೇ ತಾಳಲಾರದ ಹೃದಯವನ್ನು. ಹುಟ್ಟಿನಿಂದ ಬರುವ ಲಾಂಗ್ ಕ್ಯೂಟಿ ಕಾಯಿಲೆಯ ಒಂದು ಬಗೆಯಲ್ಲಿ ಓಡುವಾಗ, ಅದರಲ್ಲೂ ಈಜುವಾಗ ಲಯ ತಪ್ಪುತ್ತದೆ. ಇನ್ನೊಂದು ಬಗೆಯಲ್ಲಿ ಅಲಾರಂನಂಥ ಹಠಾತ್ ಶಬ್ದಕ್ಕೆ. ಭಯ ಮತ್ತು ಶ್ರಮದಲ್ಲಿ ಮಾತ್ರ ಕೆರಳುವ ಮತ್ತೊಂದು ಕಾಯಿಲೆಯಲ್ಲಿ ಮಲಗಿಸಿ ತೆಗೆದ ಇಸಿಜಿ ಪೂರ್ತಿ ಸರಿಯಾಗಿಯೇ ಇರುತ್ತದೆ. ಹೀಗಾಗಿ ಮಕ್ಕಳ ವಿಷಯದಲ್ಲಿ ಯಂತ್ರದಷ್ಟೇ ಪ್ರಶ್ನೆಯೂ ಮುಖ್ಯ. ಆಟವಾಡುವಾಗ ಯಾವತ್ತಾದರೂ ಜ್ಞಾನ ತಪ್ಪಿ ಬಿದ್ದಿದ್ದೀಯಾ, ಫಿಟ್ಸ್ ಎಂದು ಮಾತ್ರೆ ಕೊಟ್ಟೂ ನಿಲ್ಲದ ಮೂರ್ಛೆ ಇದೆಯೇ, ನಿಮ್ಮ ಮನೆತನದಲ್ಲಿ ಚೆನ್ನಾಗಿ ಈಜು ಬಲ್ಲವರು ಕೆರೆಯಲ್ಲೋ ಬಾವಿಯಲ್ಲೋ ಎಳೆಯ ವಯಸ್ಸಿಗೆ ತೀರಿಕೊಂಡಿದ್ದಾರೆಯೇ ಎಂದು ಕೇಳುವ ಒಂದು ಹಾಳೆ ತಪಾಸಣೆಯ ಜೊತೆ ಇರಲಿ, ಅದನ್ನು ತಂದೆ ತಾಯಿಯ ಮುಂದೆ ತುಂಬಿಸಲಿ. ಇಂಥ ಮಕ್ಕಳಲ್ಲಿ ಬಹಳ ಮಂದಿಯನ್ನು ಕಾಪಾಡುವುದು ಪ್ರೊಪ್ರನೊಲಾಲ್‌ನಂಥ ಅಗ್ಗದ, ಹಳೆಯ ಮಾತ್ರೆ.

ಮರಣೋತ್ತರ ಪರೀಕ್ಷೆಯ ಬಗ್ಗೆ ಒಂದೇ ಮಾತು. ಹೆಪ್ಪುಗಟ್ಟಿದ ರಕ್ತನಾಳ, ಊದಿದ ಹೃದಯ ಆ ಮೇಜಿನ ಮೇಲೆ ಕಾಣುತ್ತವೆ, ತಪ್ಪಿದ ಲಯ ಕಾಣುವುದಿಲ್ಲ. ಆದ್ದರಿಂದ ಹಠಾತ್ ಸಾವಿನ ವರದಿ ನಮೂನೆಯಲ್ಲಿ ಸತ್ತವರ ಹಳೆಯ ಇಸಿಜಿಗಳು, ಕೊನೆಯ ವಾರ ನುಂಗಿದ ಎಲ್ಲ ಮಾತ್ರೆಗಳು, ಮಧುಮೇಹದ ವರ್ಷಗಳು, ಹಿಂದೆ ತಲೆಸುತ್ತಿ ಬಿದ್ದದ್ದು, ಕುಟುಂಬದ ಇತರ ಹಠಾತ್ ಸಾವುಗಳು, ಇಷ್ಟಕ್ಕೆ ಜಾಗವಿರಲಿ. ಮನೆಯ ಗೋಡೆಗೆ ನೇತುಹಾಕಿದ ಮಾತ್ರೆಯ ಕವರನ್ನು ಸೂತಕ ಕಳೆಯುವ ಮೊದಲೇ ಎಸೆದುಬಿಡುತ್ತಾರೆ, ನಾವೂ ಎಸೆದೆವು.

ರಾಜ್ಯದ ಎಲ್ಲ ಕ್ಲಿನಿಕ್‌ಗಳಲ್ಲಿ ಇದನ್ನು ನಾಳೆಯೇ ಆರಂಭಿಸಿ ಎಂದು ನಾನು ಕೇಳುತ್ತಿಲ್ಲ. ಹಾಸನದ ಒಂದು ತಾಲ್ಲೂಕಿನಲ್ಲಿ, ಹತ್ತು ವರ್ಷಕ್ಕಿಂತ ಹಳೆಯ ಮಧುಮೇಹಿಗಳಿಗೆ ಮಾತ್ರ, ವಾರದಲ್ಲಿ ಒಂದು ದಿನ ಮಾಡಿ ನೋಡಿ. ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ಶುಶ್ರೂಷಕಿಯರಿಗೂ ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಕರೆದರೆ ಸ್ವಂತ ಖರ್ಚಿನಲ್ಲಿ ಬಂದು ಕಲಿಸುತ್ತೇನೆ, ಜೊತೆಗೆ ಅಣ್ಣನ ನೋಟ್‌ಬುಕ್ಕನ್ನೂ ನಾಲ್ಕು ಇಸಿಜಿಗಳನ್ನೂ ತರುತ್ತೇನೆ. ಅತ್ತಿಗೆಯ ಒಪ್ಪಿಗೆ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ವೈದ್ಯ